ನೀಲಿ ಬಕೆಟ್ಟು

ಐದನೇ ಮಹಡಿಯ ಸ್ಕೈದ್ರೀತೆ ಇಳಿಯುವುದು
ನನಗೆ ತಿಳಿಯುವುದು ಸದ್ದಿನಿಂದ:
ಮೆಟ್ಟಿಲಿಗೊಮ್ಮೆ ಬಕೆಟ್ಟಿನ ಹಿಡಿ ಕಿರ್ರೆನ್ನುತ್ತದೆ.
ಎಂಬತ್ತಾರು ಮೆಟ್ಟಿಲು. ಲಿಫ್ಟಿಲ್ಲ.
ಕಟ್ಟಿಸಿದವರು ಯಾರಿಗೂ
ಮುಪ್ಪು ಬರುತ್ತದೆಂದು ಎಣಿಸಿರಲಿಲ್ಲವೇನೋ.

ಬಕೆಟ್ಟಿನಲ್ಲಿ ಆಲೂಗಡ್ಡೆ ಸಿಪ್ಪೆ, ಬೀಟ್‌ರೂಟಿನ ಜುಟ್ಟು,
ಚಹಾದ ಚರಟ, ಎರಡು ಮೊಟ್ಟೆಯ ಓಡು.
ಮೇಲೊಂದು ತಟ್ಟೆ ಮುಚ್ಚಿರುತ್ತಾಳೆ,
ಮನೆಯ ಗುಟ್ಟು ಬೀದಿಗೆ ಬೀಳಬಾರದೆಂಬಂತೆ.
ರೈಲುಹಳಿ ದಾಟಿ, ದೌಗಾವಾ ನದಿಯ ದಂಡೆಯಲ್ಲಿ
ಅಂಗೈಯಗಲದ ತೋಟ ಅವಳದು.

ನಾನು ಮೂರನೇ ಮಹಡಿ.
ಬ್ರೆಡ್ಡಿನಂಗಡಿ ಇನ್ನೂರು ಹೆಜ್ಜೆ.
ಕಾರಿನಲ್ಲಿ ಹೋಗುತ್ತಿದ್ದೆ;
ಸೀಟು ಬೆಚ್ಚಗಾಗುವ ಮೊದಲೇ ಅಂಗಡಿ ಬಂದಿರುತ್ತಿತ್ತು.

ಫೆಬ್ರವರಿಯಲ್ಲಿ ಡಾಕ್ಟರಮ್ಮ
ನನ್ನ ರಕ್ತದ ಲೆಕ್ಕ ನೋಡಿ, ಕನ್ನಡಕ ಒರೆಸಿ, ಮತ್ತೆ ನೋಡಿ
ಚೀಟಿಯಲ್ಲಿ ಒಂದೇ ಪದ ಬರೆದಳು: ನಡಿ.
ಕೆಳಗೆ ಸಹಿ, ಮೊಹರು.
ಔಷಧಿ ಅಂಗಡಿಯ ಹುಡುಗಿ ಓದಿ ತುಟಿ ಕಚ್ಚಿ,
“ಇದು ನಮ್ಮಲ್ಲಿ ಖಾಲಿ” ಅಂದಳು.

ಮಾರನೆಯ ದಿನ ಮೆಟ್ಟಿಲಲ್ಲಿ ಸಿಕ್ಕವಳು
ಹೂಂ ಇಲ್ಲ, ಉಹೂಂ ಇಲ್ಲ,
ಬಕೆಟ್ಟು ನನ್ನ ಕೈಗಿಟ್ಟು ಕೈಚೀಲ ಬಿಗಿದುಕೊಂಡಳು.
ಅಂಗಳದ ಹಗ್ಗದ ಮೇಲೆ ಅವಳ ಅಂಗಿಗಳು
ಹಿಮಗಟ್ಟಿ ಹಲಗೆಯಾಗಿ ನಿಂತಿದ್ದವು.
“ಸಂಜೆಗೆ ಒಣಗುತ್ತವೆ, ಗಾಳಿಗೆ ಕೂಲಿ ಕೊಡಬೇಕಿಲ್ಲ.”

ದಾರಿಯಲ್ಲಿ ನನಗೆ ಏದುಸಿರು, ಅವಳಿಗೆ ಮಾತು.
ಎರಡು ಸಲ ಬಕೆಟ್ಟು ಕೆಳಗಿಟ್ಟೆ,
ಶೂ ಲೇಸು ಕಟ್ಟುವ ನೆಪದಲ್ಲಿ.
ಕೊನೆಗೆ ಕೇಳಿದೆ, ದೊಡ್ಡ ಮಾತೇನಾದರೂ ಬರಲೆಂದು:
“ಇದೆಲ್ಲ ಭೂಮಿಗೋಸ್ಕರವಾ?”
ನಕ್ಕಳು. “ಭೂಮಿಗೆ ನನ್ನ ಹಂಗೇನು ಮಾರಾಯ?
ನನಗೆ ಸಾರಿಗೆ ಹುಳಿಸೊಪ್ಪು ಬೇಕು.
ಸೊಪ್ಪಿಗೆ ಗೊಬ್ಬರ ಬೇಕು. ಗೊಬ್ಬರಕ್ಕೆ ಸಿಪ್ಪೆ.
ಸಿಪ್ಪೆ ಹೊರಲು ಮಂಡಿ ಆಡಬೇಕು.
ಯಾವುದು ಯಾರಿಗೋಸ್ಕರ ಅಂತ ಬಿಡಿಸುತ್ತಾ ಕೂತರೆ
ಹೊತ್ತು ಮುಳುಗುತ್ತದೆ.”

ಸುತ್ತ ಮೊಣಕಾಲುದ್ದ ಹಿಮ. ನಡುವೆ
ಅವಳ ಗೊಬ್ಬರದ ಗುಪ್ಪೆ ಉಸಿರಾಡುತ್ತಿತ್ತು.
“ಕೈ ಹಾಕು” ಅಂದಳು. ಹಾಕಿದೆ.
ಜ್ವರ ಬಂದ ಮಗುವಿನ ಹಣೆ.
ನನ್ನ ಕಾರು ಯಾವತ್ತೂ
ಇಷ್ಟು ಬೇಗ ಬೆಚ್ಚಗಾಗಿರಲಿಲ್ಲ.

ಸುಳ್ಳೇಕೆ, ಮಳೆ ಬಂದರೆ ಈಗಲೂ ಕಾರೇ.
ರಕ್ತದ ಲೆಕ್ಕ ಇಳಿದಿದೆ, ಹಬ್ಬ ಮಾಡುವಷ್ಟಲ್ಲ.
ನನ್ನ ಸಿಪ್ಪೆಯೂ ಅವಳ ಬಕೆಟ್ಟಿಗೆ ಸೇರುತ್ತದೆ;
ನಾನು ಹೊಗೆಯಾಡಿಸಿದ ಮೀನಿನ ಚರ್ಮ ಹಾಕಿದ ದಿನ
ಇಡೀ ಮೆಟ್ಟಿಲಿಗೆ ಕೇಳುವಂತೆ ಬೈದಳು.

ಇವತ್ತು ಬೆಳಿಗ್ಗೆ ನನ್ನ ಬಾಗಿಲೆದುರು
ನೀಲಿ ಬಕೆಟ್ಟು ಒಂಟಿಯಾಗಿ ಕೂತಿತ್ತು.
ತಟ್ಟೆಯ ಮೇಲೆ ಚೀಟಿ:
“ಮಂಡಿ ಮುಷ್ಕರ ಹೂಡಿದೆ. ಬರುವಾಗ ಮೂಲಂಗಿ ತಾ.
ಎಳೆಯದು.”

ಇಳಿಯುತ್ತಿದ್ದೆ. ಕಿರ್ರ್. ಕಿರ್ರ್.
ಎರಡನೇ ಮಹಡಿಯ ಹುಡುಗ ಬಾಗಿಲು ತೆರೆದು
ನನ್ನನ್ನು ಮೇಲಿಂದ ಕೆಳಗೆ ನೋಡಿ,
“ಓ, ನೀನಾ” ಅಂದ,
ಮುಚ್ಚಿಕೊಂಡ.