ಇಪ್ಪತ್ತೇಳನೇ ಟ್ರಕ್ಕಿನ ಏಳನೇ ಬೀಗ

ಸೊಲ್ವೇಜಿಯಾಚೆ, ತಾಮ್ರದ ಗಣಿಯ ಅಂಚಿಗೆ
ನಮ್ಮ ವರ್ಕ್‌ಶಾಪು. ರಾತ್ರಿ ಪಾಳಿ.
ಒಳಗೆ ನಿಂತ ಇಪ್ಪತ್ತೇಳನೇ ಟ್ರಕ್ಕಿನ ಗಾಲಿಯಿಂದ
ಮಳೆಗಾಲದ ಕೆಂಪು ಕೆಸರು
ಹೆಂಟೆ ಹೆಂಟೆಯಾಗಿ ಕಳಚುತ್ತಿತ್ತು.
ಟೈರಿನ ಪಕ್ಕ ನಿಂತರೆ ನನ್ನ ನೆತ್ತಿ
ಅದರ ಗುಂಬದ ಮಟ್ಟಕ್ಕೂ ಸಾಲದು.
ಇನ್ನೂರು ಟನ್ನು ಅದಿರು ಹೊತ್ತು ಬೀಗುವುದಕ್ಕೆ
ಹೆಬ್ಬೆರಳಷ್ಟು ಬೀಗ.

ಕೆಳಗೆ ತೂರುವ ಮುನ್ನ
ಮುಖ್ಯ ಸ್ವಿಚ್ಚು ಇಳಿಸು, ನಿನ್ನ ಬೀಗ ಜಡಿ,
ನಿನ್ನ ಫೋಟೋದ ಚೀಟಿ ತೂಗುಹಾಕು.
ಕೀಲಿ ನಿನ್ನ ಜೇಬಿಗೆ.
ಹಾಕಿದ ಕೈಯೇ ತೆಗೆಯಬೇಕು.
ಮೇಸ್ತ್ರಿಯಲ್ಲ, ಮ್ಯಾನೇಜರಲ್ಲ,
ಮಂತ್ರಿ ಬಂದು ನಿಂತರೂ ಅಲ್ಲ.
ನನಗಿದನ್ನು ಮೊದಲ ದಿನ ಕಲಿಸಿದವನು ಕಪೆಂಬ್ವಾ.
'ಯಾಕೆ?' ಎಂದೆ.
ಬಲಗೈ ಎತ್ತಿದ. ಮೂರೇ ಬೆರಳು.
ಪಾಠ ಮುಗಿಯಿತು.

ಆ ರಾತ್ರಿ ಎತ್ತುವ ಸಿಲಿಂಡರಿನ ಸೀಲು ಹರಿದು
ಎಣ್ಣೆ ಕೋಡಿ ಬಿದ್ದಿತ್ತು. ಹಗಲಿನವರು ಅರ್ಧ ಬಿಚ್ಚಿಟ್ಟಿದ್ದನ್ನು
ನಾವು ಆರು ಜನ ಮುಂದುವರಿಸಿದೆವು.
ಮೇಲೆತ್ತಿ ಪಿನ್ನು ತೂರಿಸಿದ ಡಬ್ಬಿಯ ಕೆಳಗೆ
ಅದರ ಭಾರವನ್ನು ಬೆನ್ನು ಮರೆಯುವುದಿಲ್ಲ,
ಮುಟ್ಟದಿದ್ದರೂ.
ಹೊಸ ಸೀಲಿಗೆ ಗ್ರೀಸು ಸವರಿ, ತೊಡಿಸಿ,
ಉಗುರಿನಿಂದ ಸುತ್ತ ತಡವಿದೆ. ಒಂದು ಕೂದಲು
ಸಿಕ್ಕಿಕೊಂಡರೂ ಮತ್ತೆ ಬಿಚ್ಚಬೇಕು.
ನಾಲ್ಕಕ್ಕೆ ಮುಗಿಯಿತು.
ಆರು ಬೀಗ ಕಳಚಿದೆವು.
ಒಂದು ಉಳಿಯಿತು.

ರಾತ್ರಿಯಿಡೀ ಯಾರೂ ಎಣಿಸಿರಲಿಲ್ಲ.
ಚೀಟಿಯ ಫೋಟೋ ಎಣ್ಣೆ ಕುಡಿದು ಕಪ್ಪಾಗಿತ್ತು.
ಹಿಂದಿನ ಅಚ್ಚಿನ ಪೆಟ್ಟಿಗೆಗೆ
ಮನುಷ್ಯ ತೂರುವಷ್ಟು ಕಿಂಡಿಯಿದೆ.
ಬಾಯಿಟ್ಟು ಕೂಗಿದೆ: ಯಾರಿದ್ದೀರಿ?
ಕಬ್ಬಿಣ ನನ್ನ ದನಿಯನ್ನು
ಮುದಿಯಾಗಿಸಿ ವಾಪಸು ಕೊಟ್ಟಿತು.
ಟಾರ್ಚು ಹಿಡಿದು ಮಲಾಮಾ ಹೊಟ್ಟೆಯುಜ್ಜಿಕೊಂಡು ಒಳಹೋದ,
ಒಂದು ಸ್ಪ್ಯಾನರು ಸಿಕ್ಕಿತೆಂದು ಬಂದ.
ಆಮೇಲೆ ಚೀಟಿಯನ್ನು ತೊಡೆಗೆ ಒರೆಸಿ,
ಬೆಳಕಿಗೆ ಹಿಡಿದು, ಮೆಲ್ಲಗೆಂದ:
'ಕಪೆಂಬ್ವಾನದು. ನಿನ್ನೆ ಸಂಜೆ ಆರಕ್ಕೆ
ತೆಗೆದುಹಾಕಿದರಲ್ಲ ಅವನನ್ನು.'

ಟ್ರಕ್ಕು ನಿಂತಿತು. ಅದರ ಹಿಂದೆ ಶವೆಲ್ಲು ನಿಂತಿತು.
ಬಾಸು ಗಂಟೆಗೆ ಇಷ್ಟು ಡಾಲರೆಂದು
ಗಟ್ಟಿಯಾಗಿ ಲೆಕ್ಕ ಹಾಕಿದ, ನಾವೇ ತಿಂದವರಂತೆ.
ಜೀಪು ಓಡಿತು.
ಗೇಟಿನವನೆಂದ: ಈ ಹೆಸರು ಕಂಪ್ಯೂಟರಿನಲ್ಲಿ ಇಲ್ಲ.
ಇತ್ತಲ್ಲ ನಿನ್ನೆ? ಇತ್ತು. ಇಲ್ಲ.

ಏಳೂವರೆಗೆ ಬಂದ. ಮಿಂದಿದ್ದ.
ಇಸ್ತ್ರಿಯ ಬಿಳಿ ಅಂಗಿ, ಚರ್ಚಿಗೆ ಹೊರಟವನ ಹಾಗೆ.
ತಲೆಗೆ 'ಅತಿಥಿ' ಎಂದು ಬರೆದ ಹೆಲ್ಮೆಟ್ಟು ಕೊಟ್ಟರು.
ಅತಿಥಿಯೆಂದ ಮೇಲೆ ಸುರಕ್ಷತೆಯ ಚಿತ್ರ ನೋಡಲೇಬೇಕು,
ಇಪ್ಪತ್ತು ನಿಮಿಷ. ಬಾಸು ಹಲ್ಲು ಕಡಿದ.
ಕಪೆಂಬ್ವಾ ಮುಂದಿನ ಕುರ್ಚಿಯಲ್ಲಿ ಕೂತು
ಕೊನೆಯವರೆಗೂ ನೋಡಿದ.
ಪರದೆಯ ಮೇಲೆ ಒಂದು ಕೈ
ಸ್ವಿಚ್ಚು ಇಳಿಸಿ, ಬೀಗ ಜಡಿದು,
ಎಳೆದು ನೋಡಿತು.
ಆ ಕೈಗೆ ಮೂರೇ ಬೆರಳು.

ಟ್ರಕ್ಕನ್ನು ಒಂದು ಸುತ್ತು ಹಾಕಿದ.
ಸಿಲಿಂಡರಿನ ಕತ್ತು ಒರೆಸಿ, ಬೆರಳು ಮೂಸಿ,
'ಯಾರು ಹಾಕಿದ್ದು ಸೀಲು?' ಎಂದ.
ನಾನು ಕೈಯೆತ್ತಿದೆ.
'ಹ್ಞೂಂ,' ಎಂದ. ಅಷ್ಟೇ.
ಆ ಹ್ಞೂಂಕಾರವನ್ನು ಈಗಲೂ ಇಟ್ಟುಕೊಂಡಿದ್ದೇನೆ.
ಮರೆತು ಹೋದೆಯಾ, ಬೇಕೆಂದೇ ಬಿಟ್ಟೆಯಾ,
ನಾನು ಕೇಳಲಿಲ್ಲ. ಬಾಸೂ ಕೇಳಲಿಲ್ಲ.
ಬೀಗ ಬಿಚ್ಚುವಾಗ ಅವನಿಗೆ
ಅವಸರವಿರಲಿಲ್ಲ.

ಎಂಜಿನ್ನು ಗುಡುಗಿತು. ತಗಡಿನ ಮಾಡಿನಿಂದ
ಹಲ್ಲಿಯೊಂದು ಬಿತ್ತು.
'ಬೀಗ ಕಂಪನಿಯದು,' ಎಂದರು ಸ್ಟೋರಿನವರು.
ಕೊಟ್ಟ. ರಸೀದಿಗೆ ಸಹಿ ಮಾಡಿದ.
ಹೆಲ್ಮೆಟ್ಟು ಕೊಟ್ಟ. ಅತಿಥಿಯ ಚೀಟಿ ಕೊಟ್ಟ.
ಕೆಂಪು ಕೆಸರಿನಲ್ಲಿ ಬಿಳಿ ಅಂಗಿ
ಗೇಟು ದಾಟಿ ಹೋಯಿತು.

ಕೀಲಿ ಕೇಳಲು
ಯಾರಿಗೂ ನೆನಪಾಗಲಿಲ್ಲ.