ರೈಟ್

ಗ್ಲೆನಿಸ್ ಆರ್ಮಿಟೇಜ್ ಯಾವ ಮಾತನ್ನೂ
ಬರಿಗೈಯಲ್ಲಿ ಶುರು ಮಾಡುವವಳಲ್ಲ.
ಮೊದಲೊಂದು ರೈಟ್ ಇಟ್ಟು, ಉಸಿರೆಳೆದು,
ಆಮೇಲೆ ವಾಕ್ಯ.
ರೈಟ್, ಕನ್ನಡಿ ನೋಡು.
ರೈಟ್, ಕ್ಲಚ್ಚು ಒತ್ತು.
ರೈಟ್, ಇದು ಹಡರ್ಸ್‌ಫೀಲ್ಡು, ದಿಬ್ಬವಿಲ್ಲದ ರಸ್ತೆ ಇಲ್ಲಿ ಕೇಳಬೇಡ.

ಐವತ್ತೆರಡಕ್ಕೆ ಸ್ಟೀರಿಂಗ್ ಹಿಡಿದವಳು ನಾನು.

ಈ ಊರಲ್ಲಿ ಚಳಿ ಬರೀ ಚಳಿಯಲ್ಲ, ರೈಟ್ ಚಳಿ.
ಪಕ್ಕದ ಮನೆಯ ನಾಯಿ ರೈಟ್ ಪೆದ್ದು.
ಎದುರು ಸಿಕ್ಕವರು "ಆಲ್ ರೈಟ್?" ಎಂದರೆ
ಮೊದಮೊದಲು ನಿಂತು ಹೇಳುತ್ತಿದ್ದೆ:
ಎಡ ಮೊಣಕಾಲು, ಬಾರದ ನಿದ್ದೆ, ಬಾಯ್ಲರಿನ ರಿಪೇರಿ.
ಅವರು ಆಗಲೇ ಮೂಲೆ ತಿರುಗಿರುತ್ತಿದ್ದರು.
ಅದು ಪ್ರಶ್ನೆಯಲ್ಲ, ನಮ್ಮ "ಊಟ ಆಯ್ತಾ" ಇದ್ದ ಹಾಗೆ
ಎಂದು ತಿಳಿಯಲು ಒಂದು ಚಳಿಗಾಲ ಹಿಡಿಯಿತು.
ವಕೀಲರ ಬೋರ್ಡಿನಲ್ಲಿ ಅದೇ ಪದಕ್ಕೊಂದು ಬಾಲ:
ರೈಟ್ಸ್. ನಿಮಗೆಷ್ಟಿವೆ ಗೊತ್ತೆ? ಮೊದಲ ಅರ್ಧ ಗಂಟೆ ಪುಕ್ಕಟೆ.

ಆ ಮಂಗಳವಾರ, ಲಾಕ್‌ವುಡ್ಡಿನ ಜಂಕ್ಷನ್ನು.
ಬಲದಿಂದ ಬಿಳಿ ವ್ಯಾನು ಬರುತ್ತಿದೆ, ಕಣ್ಣಿಗೆ ಕಾಣುತ್ತಲೂ ಇದೆ.
ಗ್ಲೆನಿಸ್ ಇನ್ನೇನೋ ಹೇಳಲು ಗಂಟಲು ಸರಿಮಾಡಿ
"ರೈಟ್..." ಅಂದಳು.
ನನ್ನ ಕಾಲು ಹೊರಟೇಬಿಟ್ಟಿತು.

ಅವಳ ಕಡೆಯ ಬ್ರೇಕು ಇಬ್ಬರನ್ನೂ ಉಳಿಸಿತು.
ವ್ಯಾನಿನವನು ಕೈಯೆತ್ತಿ ಒಂದು ಪದ ಎಸೆದು ಹೋದ,
ಅದಕ್ಕೆ ಅರ್ಥ ಒಂದೇ.
"ನಿನಗೆ ಏನು ಕೇಳಿಸಿತು?" ಅಂದಳು ಗ್ಲೆನಿಸ್.
ಹೇಗೆ ಹೇಳಲಿ, ಕೇಳಿಸಿದ್ದು ನೀನಲ್ಲ.

ನನ್ನಪ್ಪ ತಿಪ್ಪೇರುದ್ರಪ್ಪ,
ಹಿರಿಯೂರು ಚಳ್ಳಕೆರೆ ರೂಟಿನ ಕಂಡಕ್ಟರು.
ಕಿವಿಯ ಮೇಲೆ ಪೆನ್ಸಿಲ್ಲು, ಕಂಕುಳಲ್ಲಿ ಚಿಲ್ಲರೆಯ ಚೀಲ,
ಬಾಯಲ್ಲಿ ಇಂಗ್ಲಿಷು ಎರಡೇ: ಹೋಲ್ಡಾನ್, ರೈಟ್.
(ಮಿಕ್ಕಿದ್ದಕ್ಕೆ ಕನ್ನಡದ ಸರಿ ಇತ್ತಲ್ಲ,
ಚಿಲ್ಲರೆ ಒಪ್ಪಿದರೂ ಸರಿ, ಜನರನ್ನು ಒಳಗೆ ದಬ್ಬಿದರೂ ಸರಿ.)
ರೈಟ್ ಅಂದರೆ ಅವನಿಗೆ ಬಲವಲ್ಲ, ಹಕ್ಕಂತೂ ಅಲ್ಲವೇ ಅಲ್ಲ.
ರೈಟ್ ಅಂದರೆ, ಹೊರಡು.
ಬಾಗಿಲ ತಗಡಿಗೆ ಬಡಿದು, ದಿನಕ್ಕೆ ಇನ್ನೂರು ಸಲ.

ಒಮ್ಮೆ ಸಾಣಿಕೆರೆಯ ಸ್ಟಾಪಿನಲ್ಲಿ
ಒಂದು ಉಸಿರು ಮೊದಲೇ ಅಂದುಬಿಟ್ಟ.
ಹುಣಸೆಹಣ್ಣಿನ ಮುದುಕಿ. ಒಂದು ಕಾಲು ಮೆಟ್ಟಿಲ ಮೇಲೆ,
ಇನ್ನೊಂದು ಊರಲ್ಲೇ.
ಅವಳು ಬದುಕಿದಳು. ಸೊಂಟ ಬದುಕಲಿಲ್ಲ.
ಮೂರು ತಿಂಗಳು ಸಸ್ಪೆಂಡಾಗಿ ಮನೆಯಲ್ಲಿ ಕೂತ ಅಪ್ಪ
ಆ ಪದವನ್ನು ಒಮ್ಮೆಯೂ ಆಡಲಿಲ್ಲ;
ಲೆಕ್ಕ ತಪ್ಪಿಲ್ಲದಿದ್ದರೂ ನನ್ನ ಸ್ಲೇಟಿಗೆ
ಒಂದು ರೈಟ್ ಮಾರ್ಕು ಹಾಕಲಿಲ್ಲ.
ಡ್ಯೂಟಿಗೆ ಮರಳಿದ ಮೇಲೆ ಅವನ ಬಸ್ಸು ದಿನಾ ಲೇಟು.
ಬಾಗಿಲಲ್ಲಿ ಬಗ್ಗಿ, ಹತ್ತಿದವರ ಪಾದ ಎಣಿಸುತ್ತಿದ್ದ.

ಇಷ್ಟನ್ನೂ ಮಿಲ್ನ್ಸ್‌ಬ್ರಿಜ್ಜಿನ ತನಕ
ಹರಕು ಇಂಗ್ಲಿಷಿನಲ್ಲಿ ಹೇಳಿದೆ.
ಗ್ಲೆನಿಸ್ ತುಂಬ ಹೊತ್ತು ಸುಮ್ಮನಿದ್ದಳು.
"ಓಕೆ," ಅಂದಳು ಆಮೇಲೆ, "ಓಕೆ, ಕನ್ನಡಿ ನೋಡು."
ಎರಡು ವಾರ ತಡೆದಳು ಪಾಪ. ಮೂರನೆಯ ವಾರ ಮರೆತಳು.

ನಾಲ್ಕನೇ ಸಲಕ್ಕೆ ಪಾಸಾದೆ.

ನಿನ್ನೆ ಮ್ಯಾಂಚೆಸ್ಟರ್ ರೋಡಿನಲ್ಲಿ ಮುಂದೊಂದು ಬಸ್ಸು,
ಕಂಡಕ್ಟರಿಲ್ಲದ ಬಸ್ಸು.
ಮುದುಕನೊಬ್ಬ ಸಾಮಾನಿನ ತಳ್ಳುಗಾಡಿ ಮಡಚುತ್ತಿದ್ದಾನೆ,
ಅದು ಮಡಚಿಕೊಳ್ಳಲು ಒಪ್ಪುತ್ತಿಲ್ಲ.
ಪಕ್ಕದಲ್ಲಿ ದಾರಿ ಖಾಲಿಯಿತ್ತು, ದಾಟಿ ಹೋಗಬಹುದಿತ್ತು.
ಹಿಂದಿನ ಕಾರು ಎರಡು ಸಲ ಕೂಗಿತು.
ಒಂದು ಪಾದ.
ಕೋಲು.
ತಳ್ಳುಗಾಡಿ, ಅದರ ಹಿಂದೆ ಚೀಲದಿಂದ ಇಣುಕಿದ ಈರುಳ್ಳಿ ಸೊಪ್ಪು.
ಮತ್ತೊಂದು ಪಾದ.

ಬಸ್ಸು ಬಲಗಡೆಯ ದೀಪ ಮಿಟುಕಿಸುತ್ತ ನಿಂತಿತ್ತು,
ಯಾರ ಅಪ್ಪಣೆಗೋ ಕಾದಂತೆ.
ಕಿಟಕಿ ಮುಚ್ಚಿತ್ತು, ಯಾರಿಗೂ ಕೇಳಿಸುವುದಿಲ್ಲ ಅಂತ ಗೊತ್ತಿತ್ತು.
ಕಾರಿನ ಬಾಗಿಲಿಗೆ ಅಂಗೈಯಿಂದ ಬಡಿದು
ಅಂದೆ.