ಎಂಟು ಮಿಲಿಮೀಟರ್

ಬಿಸ್ಕತ್ತಿನ ಡಬ್ಬಿ ತೆರೆದರೆ ಗಪ್ಪಂತ ಹುಳಿ ವಾಸನೆ.
ಫಿಲ್ಮು ಸಾಯುವಾಗ ಹೀಗೇ ನಾರುತ್ತದೆ,
ಎರಡು ದಿನದ ದೋಸೆ ಹಿಟ್ಟಿನಂತೆ.
ಎಸ್.ಪಿ. ರೋಡಿನ ಈ ಗಲ್ಲಿಯಲ್ಲಿ
ಮೋಟರು ವೈಂಡಿಂಗಿನವನ ತಲೆಯ ಮೇಲಿನ ನನ್ನ ಕೋಣೆಗೆ
ಬರುವುದೆಲ್ಲ ಹೀಗೇ, ಮೇಲುಸಿರಿನಲ್ಲಿ.

ತಂದವರು ಕುಕ್ ಟೌನಿನ ಹೈಸಿಂತ್ ರೆಬೆಲ್ಲೊ.
ಎಂಬತ್ತೆರಡು. ಊರುಗೋಲಿಲ್ಲ, ಕೊಡೆ ಇದೆ.
ಇಂಗ್ಲೆಂಡಿನ ಯಾವುದೋ ಬಂದರು ಊರಲ್ಲಿ
ಮೂರು ವರ್ಷ ನರ್ಸಾಗಿದ್ದರಂತೆ.
"ಸಿರಿಲ್ ತೆಗೆದದ್ದು. ಓಡತ್ತಾ ನೋಡಿ."

ಓಡಿತು.
ಕೀ ಕೊಡುವ ಕ್ಯಾಮೆರಾ, ಸೆಕೆಂಡಿಗೆ ಹದಿನಾರು ಚಿತ್ರ,
ಮಾತಿಲ್ಲ, ಸದ್ದಿಲ್ಲ,
ಇದ್ದದ್ದು ನನ್ನ ಪ್ರೊಜೆಕ್ಟರಿನ ಕಿರ್ರ್ ಒಂದೇ.
ಸುಣ್ಣದ ಗೋಡೆಯ ಮೇಲೊಂದು ಚರ್ಚಿನ ಹಾಲು,
ಹಿಂದೆ ಮಡಚಿಟ್ಟ ಪಿಂಗ್‌ಪಾಂಗ್ ಮೇಜು,
ಮುಂದೆ ಟೈ ಕಟ್ಟಿದ ನಾಲ್ಕು ತೆಳ್ಳನೆ ಹುಡುಗರು.

ಚಾರ್ಜರು ಒಯ್ಯಲು ಬಂದ ತಂಗಿಯ ಮಗ ಸುಘೋಷ
ಬಾಗಿಲಲ್ಲೇ ನಿಂತ.
"ಮಾವಾ, ಇವರು ಯಾರು ಗೊತ್ತಾ ನಿಂಗೆ?"
ಹೆಸರು ಹೇಳಿದ. ಕೇಳಿದ್ದೇನೆ,
ಕಮರ್ಷಿಯಲ್ ಸ್ಟ್ರೀಟಿನ ಟೀ ಶರ್ಟುಗಳ ಮೇಲೆ ನೋಡಿದ್ದೇನೆ.
ಗೋಡೆ ಮೇಲಿನವರಿಗೆ ಇನ್ನೂ ಅದು ಗೊತ್ತಿಲ್ಲ.
ಒಬ್ಬ ಹಾಡುತ್ತಲೇ ತೋಳಿಗೆ ಮೂಗು ಒರೆಸಿಕೊಂಡ.
ಒಬ್ಬನ ಗಿಟಾರಿನ ಪಟ್ಟಿ ಜಾರಿತು, ಮೊಣಕಾಲೆತ್ತಿ ತಡೆದ.
ಮುಂದಿನ ಸಾಲಿನವನ ಕೈಯಲ್ಲಿ ಸ್ಯಾಂಡ್‌ವಿಚ್ಚು,
ಚಪ್ಪಾಳೆಗೆ ಪುರುಸೊತ್ತಿಲ್ಲ.

"ಯಾವ ಹಾಡು ಆಂಟಿ ಅದು?"
"ಯಾರಿಗ್ಗೊತ್ತು ಮಗಾ, ಕಿವಿಗೆ ಹತ್ತಿ ಇಟ್ಕೊಂಡಿದ್ದೆ.
ವಾರ್ಡಿನ ಹತ್ತಿ. ನೈಟ್ ಡ್ಯೂಟಿ ಮುಗಿಸಿ ಬಂದವಳು,
ಇವರು ಕರೆದ್ರಲ್ಲಾ ಅಂತ."

ಆಗ ಕ್ಯಾಮೆರಾ ವೇದಿಕೆ ಬಿಟ್ಟಿತು.
ತಲೆಗೆ ಸ್ಕಾರ್ಫು, ಮಡಿಲಲ್ಲಿ ಕೋಟು,
ಅಷ್ಟು ಬಿಳಿ ಮುಖಗಳ ನಡುವೆ ಒಂದು ಕಪ್ಪು ಮುಖ,
ಹಾಡುವವರ ಕಡೆಗಲ್ಲ, ನೇರ ನಮ್ಮ ಕಡೆಗೆ.
ಬೇಡ ಅನ್ನುವಂತೆ ಅಂಗೈ ಅಡ್ಡ ಹಿಡಿಯಿತು,
ಬೆರಳ ಸಂದಿಯಿಂದ ನಕ್ಕಿತು.
"ಛೆ, ಡ್ರಮ್ಮಿನವನನ್ನ ತೋರಿಸ್ಬಾರ್ದಾ!" ಅಂದ ಸುಘೋಷ.

"ನಿಲ್ಸಿ" ಅಂದರು ಅವರು.

ನಿಲ್ಲಿಸುವ ಹಾಗಿಲ್ಲ.
ಮೆಜೆಸ್ಟಿಕ್ಕಿನ ಟಾಕೀಸಿನಲ್ಲಿ, ಅದೀಗ ಸೀರೆ ಅಂಗಡಿ,
ಹತ್ತೊಂಬತ್ತು ವರ್ಷ ರೀಲು ಓಡಿಸಿ ಕಲಿತದ್ದು:
ನಿಂತ ಮುಖವನ್ನು ದೀಪ ಸುಡುತ್ತದೆ,
ನಡುವಿನಿಂದ ಶುರು, ಮೊದಲು ಕಂದು, ಆಮೇಲೆ ತೂತು.
ಹಿಂದಕ್ಕೆ ಓಡಿಸಿದೆ.
ಅಡ್ಡ ಬಂದ ಕೈ ಮಡಿಲಿಗೆ ಮರಳಿತು,
ತಿಂದ ಸ್ಯಾಂಡ್‌ವಿಚ್ಚು ಬಾಯಿಂದ ಬಂದು ಇಡಿಯಾಯಿತು,
ಹಾಡೆಲ್ಲ ಗಂಟಲಿಗೆ ವಾಪಸು.
ಮತ್ತೆ ಮುಂದಕ್ಕೆ. ಮತ್ತೆ ಹಿಂದಕ್ಕೆ.

ನಾಲ್ಕನೇ ಸಲ, "ಅಲ್ಲಾಡ್ತಿದೆ ನೋಡಿ" ಅಂದರು.
"ಗೇಟಿನ ಸ್ಪ್ರಿಂಗು ಸಡಿಲ, ಸರಿ ಮಾಡ್ತೇನಮ್ಮಾ."
"ಮಿಷನ್ ಅಲ್ಲ ರೀ. ಅವರ ಕೈ."

"ಕಂಪ್ಯೂಟರಲ್ಲಿ ನಡುಕ ತೆಗೀಬಹುದು ಆಂಟಿ" ಅಂತ
ಬಾಯಿ ತೆಗೆದ ಸುಘೋಷನ ಕೈಗೆ
ಚಾರ್ಜರು ತುರುಕಿದೆ. ಅವನು ಹೋಗಲಿಲ್ಲ.

ರಸೀದಿ ಬರೆದೆ. ಡಬ್ಬಿ ಒಂದು, ರೀಲು ಒಂದು,
ಮೂಕಿ, ನಾಲ್ಕು ನಿಮಿಷ ಚಿಲ್ಲರೆ.
ವಿವರ ಅಂತಿದ್ದಲ್ಲಿ ಪೆನ್ನು ನಿಂತಿತು.
ಆ ದೊಡ್ಡ ಹೆಸರಿನ ಸ್ಪೆಲ್ಲಿಂಗ್ ಕೇಳೋಣವೆಂದು
ತಲೆಯೆತ್ತಿದರೆ, ಕೊಡೆಯ ಗುಂಡಿ ಹಾಕಿಕೊಳ್ಳುತ್ತ ಅವರೇ ಅಂದರು:
"ಮದುವೆಗೆ ಮುಂಚಿನದು ಅಂತ ಬರ್ಕೊಳ್ಳಿ."